ಬಡೇಸೋಪಿನ ವಾಸನೆಯ ಏಡಿಗಳು

ಮೊನ್ನೆ ಉಮರ್ಗಾದಲ್ಲಿ ಒಬ್ಬ ಭಕ್ತರ ಮನೆಗೆ ಪೂಜೆಗೆ ಹೋಗಿದ್ದೆ. ಮಣೆಯ ಮೇಲೆ ಕುಳಿತು ಚೀಲಕ್ಕೆ ಕೈ ಹಾಕಿ ವಿಭೂತಿ ಗಟ್ಟಿ ತೆಗೆದರೆ, ಅದರ ಬೆನ್ನಿಗೆ ಅಂಟಿಕೊಂಡು ಇನ್ನೊಂದು ವಸ್ತುವೂ ಹೊರಗೆ ಬಂತು. ಇಟ್ಟಂಗಿ ಬಣ್ಣ. ಕಿರುಬೆರಳಿನ ಅರ್ಧದಷ್ಟು ಉದ್ದ. ಮುಂದೆ ಇಕ್ಕಳದಂಥ ಎರಡು ಪುಟ್ಟ ಕೈ, ಕೂದಲಿನಷ್ಟು ತೆಳ್ಳಗಿನ ಮೀಸೆ, ಹಿಂದೆ ಪದರು ಪದರಾದ ಬಾಲ. ಮನೆಯೊಡತಿ ಕಣ್ಣು ಕಿರಿದು ಮಾಡಿ ನೋಡಿದರು.

"ಅಯ್ಯನೋರ, ಇದೇನ್ರಿ?"

"ಔಷಧಿ ಅದರೀ" ಎಂದು ಅದನ್ನು ಹಾಗೇ ಚೀಲಕ್ಕೆ ತುರುಕಿದೆ.

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಏಡಿಯೊಂದು, ಮೂರು ಹೊತ್ತು ಲಿಂಗಪೂಜೆ ಮಾಡುವ, ಈರುಳ್ಳಿ ಹೆಚ್ಚಿದ ಚಾಕು ಎದುರಿಗಿದ್ದರೂ ಮುಖ ತಿರುಗಿಸುವ ಅಯ್ಯನ ಚೀಲದಲ್ಲಿ ಔಷಧಿಯಾಗಿ ಸೇರಿದ್ದು ಹೇಗೆ ಎಂಬುದನ್ನು ಪೂಜೆಯ ಮಣೆಯ ಮೇಲೆ ಕುಳಿತು ವಿವರಿಸಲು ಆಗುತ್ತದೆಯೇ? ಅಲ್ಲಿ ಹೇಳಲಾಗದ್ದನ್ನು ಇಲ್ಲಿ ನಿಮ್ಮ ಮುಂದೆ ಹೇಳುತ್ತೇನೆ. ನಿಮಗೆ ಪ್ರಸಾದ ಕೊಡುವ ತುರ್ತೂ ನನಗಿಲ್ಲ.

ಶುರುವಾಗಿದ್ದು ನಾನು ಮೋಟಾರ್‌ಸೈಕಲ್ಲಿನಿಂದ ಬಿದ್ದಾಗ. ಹೈದರಾಬಾದ್ ರಸ್ತೆಯ ಮೇಲೆ ಬಿದ್ದೆ ಎಂದರೆ ಜನ ಒಮ್ಮೆ ಉಸಿರು ಎಳೆದುಕೊಳ್ಳುತ್ತಾರೆ. ಆ ರಸ್ತೆಯಲ್ಲಿ ಓಡುವ ಟ್ರಕ್ಕುಗಳು ಅಂಥವು. ಆದರೆ ನಾನು ಬಿದ್ದದ್ದು ನಿಂತ ಗಾಡಿಯಿಂದ. ಉಮರ್ಗಾ ಬಸ್‌ಸ್ಟ್ಯಾಂಡಿನ ಎದುರು ಗಾಡಿ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ, ಪರಿಚಯದವರೊಬ್ಬರ ಜೊತೆ ಅವರ ಮಗಳಿಗೆ ಬಂದ ವರದ ವಿಚಾರ ಮಾತಾಡುತ್ತಿದ್ದೆ. ಊರಿದ ಕಾಲು ಬಾಳೆಹಣ್ಣಿನ ಸಿಪ್ಪೆಯ ಮೇಲಿತ್ತು. ಗಾಡಿ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಬಲಕ್ಕೆ ವಾಲಿತು. ನಾನೂ ಅದರ ಜೊತೆ ವಾಲಿದೆ. "ಹುಡುಗ ಛಲೋ ಅದಾನ್ರಿ" ಎಂಬ ಮಾತು ಮುಗಿಯುವ ಹೊತ್ತಿಗೆ ನಾನು ನೆಲದ ಮೇಲಿದ್ದೆ, ನನ್ನ ಬಲ ಮಣಿಕಟ್ಟು ನನ್ನ ಕೆಳಗಿತ್ತು.

ಕೈಗೆ ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ಇದ್ದಾಗ ನನಗೆ ಚಿಂತೆಯಿರಲಿಲ್ಲ. ಎಲ್ಲರೂ ನನ್ನನ್ನು ಮದುಮಗನಂತೆ ನೋಡಿಕೊಂಡರು. ಚಿಂತೆ ಶುರುವಾದದ್ದು ಅದನ್ನು ಕತ್ತರಿಸಿ ತೆಗೆದ ಮೇಲೆ. ಒಳಗಿನಿಂದ ಬಂದ ಕೈ ನನ್ನದಲ್ಲವೆನಿಸಿತು. ಬಿಳಿಚಿಕೊಂಡು ಸಣಕಲಾಗಿತ್ತು. ಹೆಬ್ಬೆರಳು ತೋರುಬೆರಳನ್ನು ಮುಟ್ಟಲು ಹೊರಟು ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಮುಷ್ಟಿ ಕಟ್ಟೆಂದರೆ ಬೆರಳುಗಳು ಅರೆಬಿರಿದ ಹೂವಿನಂತೆ ನಿಲ್ಲುತ್ತಿದ್ದವು. ಬಲಗೈ ಎಂದಮೇಲೆ ಅದು ಬರೀ ಕೈಯಲ್ಲ. ವಿಭೂತಿ ಹಚ್ಚುವುದು, ಬಿಲ್ವದ ಎಸಳು ಎತ್ತುವುದು, ಮನೆಮನೆಯಲ್ಲಿ ಕೂಸುಗಳಿಗೆ ಲಿಂಗ ಕಟ್ಟುವುದು, ಎಲ್ಲವೂ ಆ ಕೈಯದೇ. ನಮ್ಮಪ್ಪ, ನಮ್ಮಜ್ಜ ಇದೇ ಕೆಲಸ ಮಾಡಿದವರು. ಸಾಸ್ತೂರ, ಮಾಕಣಿ ಕಡೆಯ ಹಲವು ಒಕ್ಕಲು ಮನೆಗಳಿಗೆ ನಾವು ತಲೆತಲಾಂತರದ ಅಯ್ಯಗಳು.

ಅಂಥ ಮನೆಗಳಲ್ಲೊಂದು ಸಾಸ್ತೂರದ ಕಾಶೀಬಾಯಿಯವರದು. ಹೊಲದ ಲೆಕ್ಕ, ಎತ್ತಿನ ಮೇವು, ಮದುವೆಯ ಮಾತುಕತೆ ಎಲ್ಲ ಆ ಮುದುಕಿಯ ನಾಲಿಗೆಯ ತುದಿಯಲ್ಲಿ ನಡೆಯುತ್ತದೆ. ನಾನು ಅವರಿಗೆ ಆಯಿ ಎನ್ನುತ್ತೇನೆ. ಅವರ ಮಗ ಶರಣಪ್ಪ, ನನಗಿಂತ ಒಂದೆರಡು ವರ್ಷ ಚಿಕ್ಕವನು, ಎಲ್ಲದರಲ್ಲೂ ಅವಸರದ ಮನುಷ್ಯ. ಶರಣಪ್ಪನ ಸೊಸೆ ಹೆತ್ತಿದ್ದಳು. ಮನೆಗೆ ಮೊದಲ ಮರಿಮೊಮ್ಮಗಳು. ಲಿಂಗ ಕಟ್ಟಲು ನನ್ನನ್ನು ಕರೆದರು. ಆಗ ಪ್ಲಾಸ್ಟರ್ ತೆಗೆದು ಬಹಳ ದಿನವಾಗಿರಲಿಲ್ಲ. ಹೇಗೋ ನಡೆದುಹೋಗುತ್ತದೆ ಎಂಬ ಧೈರ್ಯದಿಂದ ಹೋದೆ.

ನಡೆಯಲಿಲ್ಲ. ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ, ಬಟ್ಟೆಯಲ್ಲಿ ಸುತ್ತಲು ಎತ್ತಿದೆ ನೋಡಿ, ಬೆರಳುಗಳ ನಡುವಿನಿಂದ ಅದು ಜಾರಿತು. ನನ್ನ ಜೀವಮಾನದಲ್ಲಿ ಅಂಥ ಕ್ಷಣ ಇನ್ನೊಂದಿಲ್ಲ. ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮಲ್ಲಿ ಏನೆಂದು ತಿಳಿದವರಿಗೆ ನಾನು ಹೇಳಬೇಕಿಲ್ಲ. ತಿಳಿಯದವರು ಇಷ್ಟು ತಿಳಿದರೆ ಸಾಕು: ಆ ಕ್ಷಣದಲ್ಲಿ ನೆಲ ಬಾಯಿ ಬಿಟ್ಟಿದ್ದರೆ ನಾನು ಸಂತೋಷದಿಂದ ಒಳಗೆ ಹೋಗುತ್ತಿದ್ದೆ. ಎದುರಿಗೆ ಕುಳಿತಿದ್ದ ಕಾಶೀಬಾಯಿ ಸೆರಗು ಒಡ್ಡಿದರು. ಲಿಂಗ ಸೆರಗಿಗೆ ಬಿತ್ತು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಮತ್ತೆ ತಟ್ಟೆಯಲ್ಲಿಟ್ಟರು.

ಆಮೇಲೆ ಶರಣಪ್ಪನೇ ಬಾಯಿಬಿಟ್ಟ.

"ಆಯೀ, ನಿಲಂಗಾದಾಗ ಇನ್ನೊಬ್ರು ಅಯ್ಯನೋರ ಅದಾರ. ಫೋನ್ ಹಚ್ಲೇನು?"

"ಸುಮ್ಮ ಕೂಡು" ಎಂದರು ಕಾಶೀಬಾಯಿ. ನನ್ನ ಕಡೆ ತಿರುಗಿ, "ಕೈ ಛಲೋ ಆಗ್ಲಿ ಅಯ್ಯನೋರ. ಕೂಸೇನು ಎಲ್ಲಿ ಓಡಿ ಹೋಗ್ಲತ್ತದ? ನೀವ ಬಂದು ಕಟ್ಟೀರಂತ" ಎಂದರು.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಮರ್ಯಾದೆಯ ಮಾತನ್ನು ಹೊತ್ತುಕೊಂಡು ಮನೆಗೆ ಬಂದು ಮಲಗಿದವನು ಊಟಕ್ಕೂ ಏಳಲಿಲ್ಲ. ಮಗು ಲಿಂಗವಿಲ್ಲದೆ ಕಳೆಯುವ ಒಂದೊಂದು ದಿನವೂ ಆ ಮುದುಕಿಗೆ ಎಷ್ಟು ಭಾರ ಎಂದು ನನಗೆ ಗೊತ್ತು. ಆಕೆ ಆ ಭಾರ ಹೊತ್ತದ್ದು ನನಗಾಗಿ.

ನನ್ನ ಹೆಂಡತಿ ಶಾಂತಾ ಮರುದಿನವೇ ನನ್ನನ್ನು ಉದಗೀರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಕೈಕಾಲಿಗೆ ವ್ಯಾಯಾಮ ಕಲಿಸುವ ಒಬ್ಬ ಡಾಕ್ಟರಮ್ಮ ಇದ್ದಾಳೆ. ಚಿಕ್ಕ ವಯಸ್ಸು, ಅರ್ಧ ಮಾತು ಮರಾಠಿ, ಅರ್ಧ ಕನ್ನಡ, ಎರಡರಲ್ಲೂ ನಗು. ಕೈ ಹಿಡಿದು ಆ ಕಡೆ ಈ ಕಡೆ ಮಡಚಿ ನನ್ನಿಂದ ಹಲವು ದೇವರ ಹೆಸರು ಹೇಳಿಸಿದಳು.

"ಕಾಕಾ, ಎಲುಬು ಸರಿ ಕೂಡೇದ. ಬೆರಳ ಆಳಸಿ ಆಗ್ಯಾವ, ಬಸ್. ಬಾರೀಕ್ ಕೆಲಸ ಕೊಡ್ರಿ ಅವಕ್ಕ. ಸಾಸಿವಿ ಆರಸ್ರಿ, ಮಣಿ ಪೋಣಸ್ರಿ. ನಿಮಗ ಮನಸಿಗಿ ಬಂದಿದ್ದು ಏನಾದ್ರೂ ಮಾಡ್ರಿ, ಆದ್ರ ದಿನಾ ಮಾಡ್ರಿ."

ನನ್ನ ಮನಸ್ಸಿಗೆ ಬಂದದ್ದು ಎಂದು ಡಾಕ್ಟರಮ್ಮ ಹೇಳಿದ್ದನ್ನು ಶಾಂತಾ ತನ್ನ ಮನಸ್ಸಿಗೆ ಬಂದದ್ದು ಎಂದು ಕೇಳಿಸಿಕೊಂಡಳು. ಮನೆಗೆ ಬಂದ ಮೇಲೆ ನನ್ನ ಮುಂದೆ ಅಕ್ಕಿಯ ಮೊರ ಬಂತು. ಅದು ಮುಗಿದರೆ ಶೇಂಗಾ, ಶೇಂಗಾ ಮುಗಿದರೆ ಅವರೆಕಾಯಿ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, "ವೈನೀ, ಅಯ್ಯನೋರ್ಗಿ ಭಾರೀ ರೂಢಿ ಆಗ್ಯದಲ್ಲ, ನಮ್ಮ ಮನಿ ತೊಗರೀನೂ ಕಳಸ್ಲೇನು?" ಎಂದು ಚೇಷ್ಟೆ ಮಾಡುವಷ್ಟಕ್ಕೆ ಬಂತು. ಬೆರಳುಗಳಿಗೆ ಬೇಸರ ಬಂತೋ ನನಗೆ ಬಂತೋ, ಒಂದು ದಿನ ಮೊರ ಸರಿಸಿ, "ಇನ್ನ ಸಾಕು" ಎಂದುಬಿಟ್ಟೆ. ಶಾಂತಾ ಮೊರ ಎತ್ತಿಕೊಂಡಳು. ಒಳಗೆ ಹೋಗಿ ತಂಗಿಗೆ ಫೋನು ಮಾಡಿದಳು.

ಅದರ ಫಲವಾಗಿ ಬಂದವನು ವಿಶ್ವನಾಥ. ಶಾಂತಾಳ ತಂಗಿಯ ಗಂಡ, ನನಗೆ ಷಡ್ಡಕ. ನಮ್ಮ ಕಡೆ ಸಾಡು ಎನ್ನುತ್ತೇವೆ. ಮಿಲಿಟರಿಯಲ್ಲಿದ್ದು ನಿವೃತ್ತನಾಗಿ ನಿಲಂಗಾದಲ್ಲಿ ಮನೆ ಕಟ್ಟಿಸಿದ್ದಾನೆ. ಅವನೂ ಅಯ್ಯನ ಮಗನೇ, ಆದರೆ ಕಂಡ ಕಂಡ ಗುಡ್ಡ, ಹೊಳೆಗಳ ದಂಡೆಯಲ್ಲಿ ಇದ್ದು ಬಂದವನು. ಎಲ್ಲೋ ಒಬ್ಬ ಅಧಿಕಾರಿಯಿಂದ ಗಾಳ ಹಾಕುವುದನ್ನು ಕಲಿತು ಬಂದಿದ್ದ. ಹಿಡಿದ ಮೀನನ್ನು ತಿನ್ನುವುದಿಲ್ಲ, ಕೊಲ್ಲುವುದೂ ಇಲ್ಲ, ಮತ್ತೆ ನೀರಿಗೇ ಬಿಡುತ್ತಾನೆ. "ಹಂಗಾದ್ರ ಹಿಡಿಯೋದ್ಯಾಕೋ ಮಾರಾಯ?" ಎಂದು ಬೀಗರೆಲ್ಲ ಕೇಳಿ ದಣಿದಿದ್ದರು. ಅವನು ಮಾತ್ರ ಉತ್ತರ ಕೊಟ್ಟು ದಣಿದವನಲ್ಲ, ಏಕೆಂದರೆ ಉತ್ತರವನ್ನೇ ಕೊಡುತ್ತಿರಲಿಲ್ಲ.

ಅವನು ಬಂದ ದಿನ ಚಹಾ ಕುಡಿಯುತ್ತ ಕಿಸೆಯಿಂದ ಒಂದು ಪುಟ್ಟ ಡಬ್ಬಿ ತೆಗೆದು ಪಡಸಾಲೆಯಲ್ಲಿ ಇಟ್ಟು, ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ. ಶಾಂತಾ ಕಪ್ಪು ಎತ್ತಲು ಬಂದವಳು ಡಬ್ಬಿಗೆ ಕಾಲು ತಾಗಿಸಿದಳು. ಮುಚ್ಚಳ ತೆರೆದು ಒಳಗಿದ್ದವೆಲ್ಲ ನೆಲಕ್ಕೆ ಹರಡಿದವು.

"ಚೇಳ್! ಚೇಳ್ ಅವ ರೀ!"

ನಮ್ಮದು ಕರಿಮಣ್ಣು, ಕಲ್ಲಿನ ಸೀಮೆ. ಚಪ್ಪಲಿಯನ್ನು ಝಾಡಿಸದೆ ಹಾಕಿಕೊಳ್ಳುವ ಮನುಷ್ಯ ನಮ್ಮಲ್ಲಿ ಹುಟ್ಟಿಲ್ಲ. ಅಂಥಲ್ಲಿ ಒಮ್ಮೆಗೇ ಅಷ್ಟು ಚೇಳು! ಶಾಂತಾ ಚಪ್ಪಲಿ ತೆಗೆದು ಬಡಿದಳು. ಬಡಿದದ್ದು ಸಾಯುವ ಬದಲು ಪುಟಿದು ಅವಳ ಸೀರೆಯ ಮೇಲೆ ಕೂತಿತು. ಆಮೇಲೆ ಆದ ಗದ್ದಲವನ್ನು ನಾನು ಬರೆಯುವುದಿಲ್ಲ. ನಾನು ಆ ಹೊತ್ತಿನಲ್ಲಿ ಕಾಟಿನ ಮೇಲೆ ನಿಂತಿದ್ದೆ ಎಂಬುದನ್ನು ಅವಳು ಈಗಲೂ ಬೀಗರ ಮುಂದೆ ಹೇಳುವುದರಿಂದ ನಾನು ಹೇಳುವ ಅಗತ್ಯವೂ ಇಲ್ಲ.

ವಿಶ್ವನಾಥ ಒದ್ದೆ ಕಾಲಲ್ಲಿ ಓಡಿ ಬಂದ. "ಅಕ್ಕಾ, ಅಕ್ಕಾ, ಹೊಡೀಬ್ಯಾಡ್ರಿ! ಪ್ಲಾಸ್ಟಿಕ್ ಅವ್ರಿ ಅವು!"

ಶಾಂತಾ ಏದುಸಿರು ಬಿಡುತ್ತ ಒಂದನ್ನು ಎತ್ತಿ ಹಿಡಿದಳು. ಮೂಗಿನ ಹತ್ತಿರ ತಂದಳು. "ಇದಕ್ಕ ಬಡೇಸೋಪಿನ ವಾಸನಿ ಬರ್ಲತ್ತದಲ್ಲ! ಇದೇನು ಝಿಂಗಾ ಏನು, ಖೇಕಡಾ ಏನು?"

"ಸೀಗಡೀನೂ ಅಲ್ಲ, ಏಡೀನೂ ಅಲ್ರಿ. ಎರಡರ ನಡುವಿಂದು. ಸಿಹಿನೀರಾಗ ಇರ್ತದ, ಹಿಂದ ಹಿಂದ ಓಡ್ತದ. ಮೀನಿಗಿ ಈ ಸೋಂಪಿನ ವಾಸನಿ ಸೇರ್ತದಂತ ಕಂಪನಿಯೋರ ಹಚ್ಚಿರ್ತಾರ."

ಊಟವಾದ ಮೇಲೆ ಅವನು ನನ್ನೆದುರು ಕುಳಿತ. ಒಂದು ತುದಿಗೆ ಜೋಳದ ಕಾಳಿನಷ್ಟು ಸೀಸದ ಗುಂಡು ಅಂಟಿಸಿದ ಚಿಕ್ಕ ಗಾಳ ತೆಗೆದ. ಗಾಳದ ತುದಿಯಲ್ಲಿ ಹಿಮ್ಮುಖವಾಗಿ ಇರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ. ಹಾಗೆ ಮಾಡಿದರೆ ಮೀನಿನ ಬಾಯಿಂದ ಗಾಳ ಹರಿಯದೆ ಹೊರಬರುತ್ತದಂತೆ.

"ಅಣ್ಣಾರ, ಎಡಗೈಯಾಗ ಗಾಳ ಹಿಡೀರಿ. ಬಲಗೈ ಎರಡು ಬೆರಳಾಗ ಏಡಿ. ಬಾಲದ ಕಡಿಂದ ಚುಚ್ಚಬೇಕು, ಇಕ್ಕಳಗೈ ಹಿಂದ ಅಲಗಾಡಬೇಕು. ಮೊದಲ ಏಡಿನ ಗಾಳದ ಬಾಜೂಕ ಇಟ್ಟು ನೋಡ್ಕೋರಿ, ಎಲ್ಲಿ ಹೊರಗ ಬರಬೇಕು ಅಂಬೋದು. ನಟ್ಟನಡುವ ಹೋಗಬೇಕು ನೋಡ್ರಿ. ತೋಡಾ ಸೊಟ್ಟ ಆದ್ರ ನೀರಾಗ ಗಿರಗಿರ ತಿರುಗ್ತದ, ಮೀನು ಹತ್ತರ ಬರಂಗಿಲ್ಲ."

"ನಾ ಅಯ್ಯ ಅದೀನೋ ವಿಶ್ವನಾಥ."

"ನಾನೂ ಅಯ್ಯನ ಅದೀನ್ರಿ. ಇದು ಪ್ಲಾಸ್ಟಿಕ್. ಅವರೆಕಾಯಿಗೇ ಜೀವ ಜಾಸ್ತಿ ಇತ್ತು."

ಮೊದಲ ದಿನ ನಾನು ಕೆಡಿಸಿದ ಏಡಿಗಳ ಸಂಖ್ಯೆ ಕೇಳಬೇಡಿ. ಒತ್ತಿ ಹಿಡಿದರೆ ಮೈ ಬಾಗಿ ಗಾಳ ಹೊಟ್ಟೆಯಿಂದ ಹೊರಬರುತ್ತಿತ್ತು. ಸಡಿಲ ಹಿಡಿದರೆ ಜಾರಿ ಮಡಿಲಿಗೆ ಬೀಳುತ್ತಿತ್ತು. ಒಮ್ಮೆ ಗಾಳ ಏಡಿಯನ್ನು ಬಿಟ್ಟು ನನ್ನ ಹೆಬ್ಬೆರಳನ್ನೇ ಹಿಡಿಯಿತು. ಆದರೂ ಬೇಸರ ಬರಲಿಲ್ಲ. ಯಾಕೆ ಎಂದು ಯೋಚಿಸಿದರೆ ನನ್ನ ಬಾಲ್ಯದ ಕಡೆ ಹೋಗಬೇಕಾಗುತ್ತದೆ.

ಆಗ ನಮ್ಮ ಊರು, ಎಲ್ಲವನ್ನೂ ಕೆಡವಿದ ಭೂಕಂಪಕ್ಕೆ ಮೊದಲಿನ ಊರು. ಈಗಿನಂತೆ ಸಾಲು ಸಾಲು ಮನೆ, ನೆಟ್ಟಗಿನ ರಸ್ತೆ ಇರಲಿಲ್ಲ. ಕಲ್ಲು ಮಣ್ಣಿನ ದಪ್ಪ ಗೋಡೆ, ತಿರುವು ಮುರುವಿನ ಓಣಿ. ಓಣಿ ದಾಟಿದರೆ ಹಳ್ಳ. ಮಳೆಗಾಲ ಹಿಡಿದರೆ ಹಳ್ಳದ ದಂಡೆಯ ಕರಿಮಣ್ಣಿನಲ್ಲಿ ಏಡಿಗಳ ತೂತುಗಳು. ಓಣಿಯ ಮಿಕ್ಕ ಹುಡುಗರು ತೂತಿಗೆ ಕೈ ಹಾಕಿ ಏಡಿ ಎಳೆಯುತ್ತಿದ್ದರು, ದಾರಕ್ಕೆ ಕಟ್ಟಿ ಎತ್ತಿನಂತೆ ನಡೆಸುತ್ತಿದ್ದರು. ನನಗೆ ಮುಟ್ಟುವ ಹಕ್ಕಿರಲಿಲ್ಲ. ಅಯ್ಯನವರ ಮಗ ನಾನು. ದಂಡೆಯ ಮೇಲೆ ನಿಂತು, ಯಾರ ಏಡಿ ಮುಂದೆ ಹೋಯಿತು ಎಂದು ನ್ಯಾಯ ಹೇಳುವ ಕೆಲಸ ನನ್ನದು. ಒಂದು ಸಲ ತಡೆಯಲಾರದೆ ಬೆರಳ ತುದಿಯಿಂದ ಒಂದರ ಬೆನ್ನು ಮುಟ್ಟಿದ್ದೆ. ಅದು ಯಾವನೋ ಬಾಯಿಬಡುಕನಿಂದ ಅವ್ವನ ಕಿವಿಗೆ ಬಿದ್ದು, ಬಚ್ಚಲಲ್ಲಿ ಕೂರಿಸಿ ತಲೆಯಿಂದ ಕಾಲಿನವರೆಗೆ ತಿಕ್ಕಿದಳು. ಅವ್ವ ಬಡಿಯುವುದು ಕಡಿಮೆ, ತಿಕ್ಕುವುದು ಜಾಸ್ತಿ. ಬಡಿತವೇ ವಾಸಿ ಎನಿಸುವಂತೆ ತಿಕ್ಕುತ್ತಿದ್ದಳು. ಆ ಒಂದು ಸ್ಪರ್ಶ, ಒದ್ದೆಯಾದ ಒರಟು ಬೆನ್ನು, ಮರೆತಿರಲಿಲ್ಲ. ಈಗ ಐವತ್ತು ದಾಟಿದ ಮೇಲೆ ಯಾವ ಬಚ್ಚಲಿನ ಭಯವೂ ಇಲ್ಲದೆ ಏಡಿ ಹಿಡಿಯುವ ಅವಕಾಶ ಬಂದಿತ್ತು, ಅದೂ ಡಾಕ್ಟರರ ಸಲಹೆಯಂತೆ.

ದಿನವೂ ಕುಳಿತೆ. ನಿಧಾನವಾಗಿ ಹೆಬ್ಬೆರಳು ತೋರುಬೆರಳಿನ ಮನೆಗೆ ಹೋಗಿ ಬರತೊಡಗಿತು. ಒಂದು ಮಧ್ಯಾಹ್ನ ಏಡಿಯೊಂದು ಗಾಳದ ಮೇಲೆ ನೆಟ್ಟಗೆ, ಬೆನ್ನುಹುರಿ ತಾನಾಗಿ ಹುಟ್ಟಿದಂತೆ ಕುಳಿತಿತು. ಶಾಂತಾಳನ್ನು ಕರೆದು ತೋರಿಸಿದೆ. ಅವಳು ತಿರುಗಿಸಿ ಮುರುಗಿಸಿ ನೋಡಿ, "ನಟ್ಟನಡುವ ಬಂದದ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನು ನೋಡದವನಂತೆ ಡಬ್ಬಿ ಮುಚ್ಚಿದೆ.

ವಿಶ್ವನಾಥನ ಪಾಠ ಅಲ್ಲಿಗೆ ಮುಗಿಯಲಿಲ್ಲ. ಮಣಿಕಟ್ಟು ತಿರುಗಬೇಕಾದರೆ ಗಾಳ ಬೀಸಬೇಕು ಎಂದ. ಮಾಕಣಿಯ ಧರಣಕ್ಕೆ, ಅಂದರೆ ಅಣೆಕಟ್ಟಿಗೆ, ಹೋಗೋಣ ಎಂದ. ನಾನು ಹದಿನೆಂಟು ಕಾರಣ ಹೇಳಿದೆ. ಅಲ್ಲಿಂದ ಸಾಸ್ತೂರ ಹತ್ತಿರ, ಭಕ್ತರ ಮನೆಗಳು ಸುತ್ತಲೂ ಇವೆ, ಯಾರಾದರೂ ಕಂಡರೆ ಏನೆಂದುಕೊಂಡಾರು? "ಮುಂಜಾನಿ ಯಾರ ಬರ್ತಾರ್ರಿ ಅಲ್ಲಿ, ಎಮ್ಮಿ ಬಿಟ್ರ?" ಎಂದ ಅವನು. ಶಾಂತಾ ಬುತ್ತಿ ಕಟ್ಟಿಕೊಟ್ಟಳು. ಹೆಂಡತಿಯೇ ಬುತ್ತಿ ಕಟ್ಟಿದ ಮೇಲೆ ಹತ್ತೊಂಬತ್ತನೆಯ ಕಾರಣ ಎಲ್ಲಿಂದ ತರುವುದು?

ಆ ವರ್ಷ ಮಳೆ ಚೆನ್ನಾಗಿ ಆಗಿ ಧರಣ ತುಂಬಿತ್ತು. ದೂರದಲ್ಲಿ ಎಮ್ಮೆಗಳು ಮೂಗು ಮಾತ್ರ ಹೊರಗಿಟ್ಟು ಕುಳಿತಿದ್ದವು. ದಂಡೆಯ ಕಲ್ಲುಗಳ ಮೇಲೆ ನಿಂತು ವಿಶ್ವನಾಥ ತೆಳ್ಳಗಿನ ಕೋಲನ್ನು ನನ್ನ ಬಲಗೈಗೆ ಕೊಟ್ಟ. ಬೀಸುವುದೆಂದರೆ ತೋಳಿನ ಕೆಲಸವಲ್ಲ, ಮಣಿಕಟ್ಟಿನದು. ಮೊದಲ ಬೀಸಿಗೆ ಏಡಿ ನನ್ನ ಹಿಂದಿನ ಜಾಲಿಯ ಗಿಡಕ್ಕೆ ಹೋಯಿತು. ಎರಡನೆಯದು ವಿಶ್ವನಾಥನ ಟೋಪಿಗೆ. "ಅಣ್ಣಾರ, ಮೀನು ಮುಂದ ಅವ" ಎಂದ. ಆಮೇಲೆ ನೀರು ಸಿಕ್ಕಿತು. ಏಡಿ ಸೊಂಯ್ಯನೆ ಹೋಗಿ ಟಪ್ಪೆಂದು ಬಿದ್ದು ಮುಳುಗಿತು.

"ತಳ ಮುಟ್ಟೋತನಕ ಬಿಡ್ರಿ. ದಾರ ಸಡಲ ಆತು ಅಂದ್ರ ತಳ ಮುಟ್ಟೇದ. ಈಗ ತೋಡಾ ಎತ್ತರಿ, ಮತ್ತ ಬಿಡ್ರಿ. ಎಳೀಬ್ಯಾಡ್ರಿ, ಕುಣಸ್ರಿ."

ಕಾಣದ ತಳದಲ್ಲಿ ಪುಟ್ಟ ಏಡಿ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುವುದು ದಾರದ ಮೂಲಕ ನನ್ನ ಬೆರಳ ತುದಿಗೆ ಬರುತ್ತಿತ್ತು. ಇದು ಕಲ್ಲು, ಇದು ಕೆಸರು, ಇದು ಹುಲ್ಲು. ಪ್ಲಾಸ್ಟರ್ ತೆಗೆದ ದಿನದಿಂದ ಯಾವುದನ್ನು ಮುಟ್ಟಿದರೂ ಬಟ್ಟೆ ಸುತ್ತಿ ಮುಟ್ಟಿದಂತಿದ್ದ ಬೆರಳುಗಳು ಅಷ್ಟು ದೂರದ ಸುದ್ದಿ ತರುತ್ತಿದ್ದವು. ನಾನು ಮತ್ತೆ ಎತ್ತಿದೆ, ಮತ್ತೆ ಬಿಟ್ಟೆ. ಆಗ ಟಕ್ ಟಕ್ ಎಂದಿತು. ಯಾರೋ ಬಾಗಿಲು ಬಡಿದಂತೆ.

"ಹಿಡೀತು! ಎತ್ತರಿ!" ಎಂದು ವಿಶ್ವನಾಥ ಕೂಗಿದ. ಕೋಲು ಬಾಗಿತು. ಎಡಗೈಯಿಂದ ರೀಲು ಸುತ್ತಿದೆ, ಬಲಗೈ ಕೋಲು ಬಿಡಲಿಲ್ಲ. ಅಂಗೈಯಗಲದ ಒಂದು ಚಿಲಾಪಿ ಮೀನು, ಬೂದು ಮೈ, ಬೆನ್ನಿನ ಮೇಲೆ ಮುಳ್ಳಿನ ಜುಟ್ಟು, ನೀರಿನಿಂದ ಮೇಲೆ ಬಂತು.

"ಕೈ ತೊಯಿಸ್ಕೊಂಡು ಹಿಡೀರಿ. ಒಣ ಕೈಲೆ ಮುಟ್ಟಿದ್ರ ಅದರ ಮೈ ಸುಲೀತದ."

ಕೈ ನೀರಲ್ಲಿ ಅದ್ದಿ ಮೀನನ್ನು ಹಿಡಿದೆ. ಒತ್ತಲಿಲ್ಲ, ಬಿಡಲೂ ಇಲ್ಲ. ಎರಡು ಬೆರಳಿನಿಂದ ಗಾಳದ ಗುಂಡನ್ನು ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆದೆ. ಸಲೀಸಾಗಿ ಬಂತು. ಬಾಗಿ ನೀರಿನಲ್ಲಿ ಅಂಗೈ ಇಟ್ಟೆ. ಮೀನು ಒಂದು ಗಳಿಗೆ ಅಲ್ಲೇ ಕಿವಿರು ಆಡಿಸುತ್ತ ನಿಂತು, ಬಾಲ ಬೀಸಿ ಹೋಯಿತು. ನನ್ನ ಬಾಯಿಂದ "ಶಿವ ಶಿವಾ" ಎಂದು ಬಂತು. ವಿಶ್ವನಾಥ ಬೇರೆ ಕಡೆ ನೋಡುತ್ತ ನಿಂತಿದ್ದ. ಹಿಡಿಯುವುದು ಯಾಕೆ ಎಂಬ ಪ್ರಶ್ನೆಗೆ ಅವನು ಯಾಕೆ ಉತ್ತರ ಕೊಡುವುದಿಲ್ಲ ಎಂದು ನನಗೆ ಆಗ ತಿಳಿಯಿತು.

ಎದ್ದು ನಿಂತು ತಿರುಗಿದರೆ, ಮೇಲಿನ ರಸ್ತೆಯಲ್ಲಿ ಒಂದು ಜೀಪು ನಿಂತಿತ್ತು. ಶರಣಪ್ಪನ ಜೀಪು. ಅದರ ಪಕ್ಕದಲ್ಲಿ ಹಸಿರು ಇಳಕಲ್ ಸೀರೆಯ ಮುದುಕಿಯೊಬ್ಬರು ಕೈಯನ್ನು ಹಣೆಗೆ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದರು.

ಮನುಷ್ಯ ಗಾಬರಿಯಲ್ಲಿ ಎಂಥ ದಡ್ಡನಾಗುತ್ತಾನೆ! ನಾನು ವಿಶ್ವನಾಥನ ಹಿಂದೆ ಅಡಗಿದೆ. ಅವನು ಕೋಲಿನಷ್ಟೇ ತೆಳ್ಳಗಿನ ಮನುಷ್ಯ. ಅವನ ಎರಡೂ ಬದಿಗೆ ನಾನು ಧಾರಾಳವಾಗಿ ಕಾಣುತ್ತಿದ್ದೆನಂತೆ. ಗಾಳದ ಕೋಲನ್ನು ಊರುಗೋಲಿನಂತೆ ಹಿಡಿದು ನೋಡಿದೆ. ಅದು ತುದಿಯಲ್ಲಿ ಬಾಗಿ ತೊನೆದಾಡಿತು. ಸ್ವಲ್ಪ ಹೊತ್ತಿಗೆ ಜೀಪಿನ ಬಾಗಿಲು ಮುಚ್ಚಿದ ಸದ್ದು ಬಂತು. ಹೋದರು. ಕೂಗಲಿಲ್ಲ, ಕರೆಯಲಿಲ್ಲ.

"ಸಾಸ್ತೂರದ ಆಯಿ ಅವ್ರೇನ್ರಿ?" ಎಂದ ವಿಶ್ವನಾಥ.

"ಅವ್ರ."

ಬುತ್ತಿಯನ್ನು ಬಿಚ್ಚದೆ ವಾಪಸು ತಂದೆವು.

ಆಮೇಲಿನ ದಿನಗಳಲ್ಲಿ ಫೋನು ಬಂದಾಗಲೆಲ್ಲ ನಾನು ಬೆವರಿದೆ. ಲಿಂಗ ಜಾರಿಸಿದ ಕೈ, ಈಗ ಮೀನು ಹಿಡಿದ ಕೈ. ಶರಣಪ್ಪನಿಗೆ ಇನ್ನೇನು ಬೇಕು? ನಿಲಂಗಾದ ಅಯ್ಯನವರು ಇಷ್ಟರಲ್ಲಿ ಬಂದು ಹೋಗಿರುತ್ತಾರೆ ಎಂದುಕೊಂಡೆ. ನಮ್ಮಜ್ಜನಿಂದ ಬಂದ ಮನೆ ನನ್ನ ಕಾಲಕ್ಕೆ ಕೈಬಿಟ್ಟಿತು. ಉಳಿದ ಮನೆಗಳಿಗೂ ಸುದ್ದಿ ಹೋಗಿರುತ್ತದೆ. ಏಡಿಯ ಡಬ್ಬಿಯನ್ನು ಅಟ್ಟದ ಮೇಲೆ ಹಾಕಿದೆ. ಶಾಂತಾ ಅದನ್ನು ಇಳಿಸಿ ಮತ್ತೆ ನನ್ನ ಮುಂದಿಟ್ಟಳು.

"ಡಾಕ್ಟರಮ್ಮ ದಿನಾ ಮಾಡ್ರಿ ಅಂದಾಳ."

"ಜನ ಏನಂತಾರ ಗೊತ್ತದ ಏನು ನಿನಗ?"

"ಜನ ಏನಾರ ಅಂದಾರೇನು ಇನ್ನತನಕ? ಅಂದಮ್ಯಾಲ ನೋಡಮು. ಮೊದಲ ಬೆರಳ ಆಡಸ್ರಿ."

ಒಂದು ಸಂಜೆ ಶರಣಪ್ಪನ ಫೋನು ಬಂತು. ಅವನು ಅವಸರದಲ್ಲಿದ್ದಾಗ ಮರಾಠಿ ಮಾತಾಡುತ್ತಾನೆ, ಸಿಟ್ಟಿನಲ್ಲಿದ್ದಾಗ ಕನ್ನಡ. ಅಂದು ಕನ್ನಡ.

"ಆಯಿ ಕರದಾಳ್ರಿ. ನಾಳಿಗಿ ಮುಂಜಾನಿ ಬರ್ರಿ. ಸಾಮಾನ ತಗೊಂಡು ಬರ್ರಿ ಅಂದಾಳ."

"ಯಾವ ಸಾಮಾನ್ರಿ?"

"ನಂಗೇನ್ ಗೊತ್ರಿ? ನಿಮ್ಮದು ಯಾವದದನೋ ಅದು" ಎಂದು ಇಟ್ಟುಬಿಟ್ಟ.

ಯಾವ ಸಾಮಾನು? ಪೂಜೆಯದೋ, ಗಾಳದ್ದೋ? ಎಲ್ಲರ ಮುಂದೆ ಕೋಲು ಏಡಿ ಹರಡಿ ನ್ಯಾಯ ಮಾಡುತ್ತಾರೋ? ಶಾಂತಾ ನಕ್ಕು, "ಎರಡೂ ಚೀಲದಾಗ ಹಾಕ್ತೀನಿ, ಯಾವದು ಕೇಳ್ತಾರ ಅದು ತಗೀರಿ" ಎಂದಳು. ಹಾಗೇ ಹಾಕಿ, ಮುಂಜಾನೆ ತಾನೂ ಜೊತೆಗೆ ಹೊರಟಳು. ನಾನು ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿದೆ. ಇದು ವ್ಯಾಯಾಮ, ಇದು ಪ್ಲಾಸ್ಟಿಕ್, ಡಾಕ್ಟರ ಚೀಟಿ ಇದೆ. ಒಂದು ಮಾತೂ ನನಗೇ ನಂಬಿಕೆ ಬರುವಂತೆ ಜೋಡಣೆಯಾಗಲಿಲ್ಲ.

ಕಾಶೀಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಮಡಿಲಲ್ಲಿ ಕೂಸು. ಶರಣಪ್ಪ ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದ. ನಾವು ಕುಳಿತು, ನೀರು ಕುಡಿದು ಮುಗಿಸುವವರೆಗೆ ಮುದುಕಿ ಕೂಸನ್ನು ತಟ್ಟುತ್ತಿದ್ದರು. ಆಮೇಲೆ, "ಅಯ್ಯನೋರ, ಒಂದು ಮಾತು ಕೇಳ್ಲೇನು?" ಎಂದರು.

"ಕೇಳ್ರಿ ಆಯೀ."

"ಆ ದಿನದ ಮೀನ ಬದುಕಿತೇನ್ರಿ?"

ನಾನು ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ! "ಹೌದ್ರಿ. ಈಜ್ಕೋತ ಹೋತು" ಎಂದಷ್ಟೇ ಹೇಳಿದೆ.

"ನಾ ನೋಡೇನಿ. ಖರೇ ಹೋತೋ ಇಲ್ಲೋ ಅಂತ ನಿಮ್ಮ ಬಾಯಲೆ ಕೇಳಬೇಕಿತ್ತು." ಅವರು ಕೂಸನ್ನು ಭುಜಕ್ಕೆ ಹಾಕಿಕೊಂಡರು. "ಜೀಪ ನಾನ ನಿಲ್ಲಸಿದ್ದೆ. ಮೊದಲ ಸಿಟ್ಟ ಬಂತು, ಸುಳ್ಳ್ಯಾಕ ಹೇಳ್ಲಿ. ನಮ್ಮ ಅಯ್ಯನೋರ ಮೀನ ಹಿಡೀಲತ್ತಾರ ಅಂತ. ಬೈಬೇಕಂತ ಇಳದೆ. ಅಷ್ಟರಾಗ ನೀವು ಅದರ ಬಾಯಾಗಿಂದ ಗಾಳ ತಗದ್ರಿ. ಬಲಗೈಲೆ ತಗದ್ರಿ. ಅಷ್ಟು ಬಾರೀಕ್ ತಗದ್ರಿ, ಮೀನ ಒದ್ದಾಡ್ಲಿಲ್ಲ. ನಾ ಅಲ್ಲೇ ಅಂದ್ಕೊಂಡೆ, ಅಯ್ಯನೋರ ಕೈ ಬಂದದ."

ಶರಣಪ್ಪ ಇನ್ನು ತಡೆಯಲಾರದೆ, "ಆದ್ರೂ ಆಯೀ, ಮೀನ ಹಿಡದ ಕೈ ಅದು..." ಎಂದ.

"ಮೀನ ಬಿಟ್ಟ ಕೈ ಅದ" ಎಂದರು ಮುದುಕಿ. "ನಿನ್ನ ಕೈಯಾಗ ಒಂದರ ಬಿಟ್ಟೀ ಏನು ಇನ್ನತನಕ, ಹಿಡದಿದ್ದು? ಹೋಗು, ಬಾವ್ಯಾಗಿಂದ ಹೊಸ ನೀರು ತಾ. ಅಯ್ಯನೋರ, ನೀವು ಸ್ನಾನ ಮಾಡ್ರಿ. ಸಾಮಾನ ತಂದೀರಿಲ್ಲ?"

ಶಾಂತಾ ಚೀಲ ನನ್ನ ಕೈಗೆ ಕೊಟ್ಟಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ, ಅತ್ತುಬಿಡುತ್ತೇನೆಂದು.

ಸ್ನಾನ ಮಾಡಿ ಬಂದು ಮಣೆಯ ಮೇಲೆ ಕುಳಿತೆ. ಲಿಂಗಕ್ಕೆ ನೀರೆರೆದೆ. ಮೂರು ಬೆರಳಿನಿಂದ ವಿಭೂತಿ ಎಳೆದೆ. ಮೂರೂ ಗೆರೆ ನೆಟ್ಟಗೆ ಬಂದವು. ಬಟ್ಟೆಯ ಮೇಲಿಡಲು ಲಿಂಗವನ್ನು ಎತ್ತುವಾಗ ಕಾಶೀಬಾಯಿಯ ಕೈ ತಾನಾಗಿ ಸೆರಗಿನ ಕಡೆ ಹೋದದ್ದು ಕಂಡಿತು. ಆದರೆ ಬೆರಳುಗಳು ನನ್ನನ್ನು ಕೇಳಲಿಲ್ಲ. ಒತ್ತಲೂ ಇಲ್ಲ, ಸಡಿಲ ಬಿಡಲೂ ಇಲ್ಲ, ತಮ್ಮ ಪಾಡಿಗೆ ತಾವು ಎತ್ತಿದವು, ಬಟ್ಟೆಯ ನಡುವೆ ಇಟ್ಟವು, ಸುತ್ತಿದವು, ದಾರ ಹೊಸೆದು ಗಂಟು ಹಾಕಿದವು. ಕೂಸಿನ ಕೊರಳ ಹಿಂದೆ ದಾರದ ಎರಡು ತುದಿಗಳನ್ನು ಕೂಡಿಸುವಾಗ ಆ ಎಳೆಯ ಕತ್ತಿನ ಬಿಸಿ ಬೆರಳಿಗೆ ತಾಗಿತು. ಕೂಸು ಆಕಳಿಸಿತು. ಅಳಲಿಲ್ಲ.

ಕಾಶೀಬಾಯಿ ಗಂಟನ್ನು ಒಮ್ಮೆ ಮೆಲ್ಲಗೆ ಜಗ್ಗಿ ನೋಡಿದರು. "ಆತು" ಎಂದರು. ಆ ಒಂದು ಮಾತು ಹೇಳಿ ಕಂಬಕ್ಕೆ ಒರಗಿದಾಗ, ಇಷ್ಟು ದಿನ ಅವರೂ ಒಳಗೊಳಗೆ ಎಷ್ಟು ಹೆದರಿದ್ದರು ಎಂಬುದು ಅವರ ಹೆಗಲಿನಲ್ಲಿ ಕಂಡಿತು. ಶರಣಪ್ಪ ಬಂದು ನನ್ನ ಕಾಲು ಮುಟ್ಟಿದ. ಮುಟ್ಟಿ ಏಳುವಾಗ, "ಅಲ್ರಿ, ಅಲ್ಲಿ ಮರಳ ಜಾತಿ ಮೀನೂ ಸಿಗ್ತಾವೇನ್ರಿ?" ಎಂದು ಪಿಸುಗುಟ್ಟಿದ. ಅವನು ಕೇಳಿದ್ದು ಮರಾಠಿಯಲ್ಲಿ. ನನಗೆ ಸಮಾಧಾನವಾಯಿತು.

ಊಟಕ್ಕೆ ಕರೆದರು. ತೊಗರಿ ಬೇಳೆಯ ಹೋಳಿಗೆ, ಕಟ್ಟಿನ ಸಾರು, ಮೇಲೆ ಬಿಸಿ ತುಪ್ಪ. ಎಲೆಯ ಮುಂದೆ ಕುಳಿತ ಮೇಲೆ ನನಗೆ ಹಸಿವಾಗಿದೆ ಎಂದು ತಿಳಿಯಿತು. ಸುಮ್ಮನೆ ಹಸಿವಲ್ಲ, ಹೊಲದಿಂದ ಬಂದ ಆಳಿನ ಹಸಿವು. ಸೊಸೆ ಒಂದು ಹೋಳಿಗೆ ಬಡಿಸಿದಳು, ಇನ್ನೊಂದು ಬಡಿಸಿದಳು, ಮೂರನೆಯದನ್ನು ಹಿಡಿದು ನನ್ನ ಮುಖ ನೋಡುತ್ತ ನಿಂತಳು. ಪಕ್ಕದಲ್ಲಿ ಕುಳಿತ ಶಾಂತಾ ಮೊಣಕೈಯಿಂದ ನನ್ನನ್ನು ತಿವಿದಳು. ಅಯ್ಯನವರು ಎರಡಕ್ಕೆ ಸಾಕು ಎನ್ನುವುದು ಮರ್ಯಾದೆ.

ನಾನು ಸಾಕು ಎನ್ನಲಿಲ್ಲ.